ಮಡಿವಾಳಪ್ಪನ ಮೊಣಕಾಲು

ಸಿಂದಗಿಯ ದನದ ದವಾಖಾನೆಯಲ್ಲಿ ಕಂಪೌಂಡರನಾಗಿದ್ದ ಮಡಿವಾಳಪ್ಪನಿಗೆ ವಯಸ್ಸು ಮೂವತ್ತೆರಡಾಗುವವರೆಗೂ ತನ್ನ ಎತ್ತರದ ಬಗ್ಗೆ ಯಾವ ತಕರಾರೂ ಇರಲಿಲ್ಲ. ಆರಡಿ ನಾಲ್ಕಂಗುಲದ ಆಳು. ತುಂಟ ಹೋರಿಗೆ ಸೂಜಿ ಹಾಕಬೇಕಾದಾಗ ಡಾಕ್ಟರು ಮೊದಲು ಕೂಗುತ್ತಿದ್ದುದು ಅವನ ಹೆಸರನ್ನೇ. ನಾಗೊಂದಿಗೆಯ ಮೇಲಿನ ಡಬ್ಬಿ ಇಳಿಸಲು ಓಣಿಯ ಹೆಂಗಸರು ಕರೆಯುತ್ತಿದ್ದುದೂ ಅವನನ್ನೇ. ಬಾಗಿಲು ಕಂಡಲ್ಲಿ ತಲೆ ಬಗ್ಗಿಸುವುದು ಅವನಿಗೆ ಉಸಿರಾಡಿದಷ್ಟು ಸಹಜ. ಹಳ್ಳಿ ತಿರುಗಲು ಒಂದು ಎತ್ತರದ ಸೈಕಲ್ಲಿತ್ತು. ಅದರ ಮೇಲೆ ಅವನು ಬರುತ್ತಿದ್ದರೆ ಜೋಳದ ಹೊಲದ ಆಚೆಗಿನವರಿಗೂ ಕಂಪೌಂಡರು ಬಂದರೆಂದು ಗೊತ್ತಾಗುತ್ತಿತ್ತು. ಅವನ ಹೆಂಡತಿ ಸಿದ್ದಲಿಂಗವ್ವ ಮಾತ್ರ ನಾಲ್ಕೂವರೆ ಅಡಿಯವಳು. ಅಕ್ಷತೆಯ ದಿನ ಇಬ್ಬರನ್ನೂ ಪಕ್ಕದಲ್ಲಿ ನಿಲ್ಲಿಸಿದಾಗ ಮಂಟಪದಲ್ಲಿ ಒಂದಿಷ್ಟು ನಗೆ ಹಾರಿತ್ತು. ಅವನ ಕಿವಿ ಇದ್ದ ಎತ್ತರಕ್ಕೆ ಆ ನಗೆ ಮುಟ್ಟಿರಲಿಲ್ಲ. ಅವಳಿಗೆ ಮುಟ್ಟಿತ್ತು.

ಎಪ್ಪತ್ತಾರನೆಯ ಇಸವಿಯ ದೀಪಾವಳಿ ಕಳೆದ ವಾರ ಸೊಲ್ಲಾಪುರದಿಂದ ಕಾಗದ ಬಂತು. ಅಲ್ಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ ಸಿದ್ದಲಿಂಗವ್ವನ ಅಣ್ಣ ಬಸಂತರಾಯ ಹೊಸದೊಂದು ದೊಡ್ಡ ಫಟಫಟಿ ತೆಗೆದುಕೊಂಡಿದ್ದ. ಹಳೆಯದನ್ನು ಮಾರಲು ಮನಸ್ಸಾಗದೆ ತಂಗಿಯ ಮನೆಗೆಂದು ರೈಲಿಗೆ ಹಾಕಿದ್ದ. "ಇಂಡಿ ರೋಡ್ ಸ್ಟೇಶನ್ನಿನಲ್ಲಿ ಇಳಿಸಿಕೊಳ್ಳುವುದು. ತಂಗಿಯನ್ನು ಹಿಂದೆ ಕೂಡ್ರಿಸಿಕೊಂಡು ಊರೂರು ತಿರುಗಿಸುವುದು" ಎಂದು ಬರೆದಿದ್ದ.

ಡಾಕ್ಟರ ದೊಡ್ಡ ಗಾಡಿ ಓಡಿಸಿ ಮಡಿವಾಳಪ್ಪನಿಗೆ ರೂಢಿಯಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೊಸ ಚಪ್ಪಲಿ ಮೆಟ್ಟಿ ಸ್ಟೇಶನ್ನಿಗೆ ಹೋದ. ಹಮಾಲ ರೈಲಿನ ಡಬ್ಬಿಯಿಂದ ಒಂದು ತಿಳಿನೀಲಿ ವಸ್ತುವನ್ನು ಒಂದೇ ಕೈಯಲ್ಲಿ ಎಳೆದು ಪ್ಲಾಟ್‌ಫಾರ್ಮಿನ ಮೇಲೆ ನಿಲ್ಲಿಸಿದ. ಮಡಿವಾಳಪ್ಪ ಅದರ ಹಿಂದೆ ಬಗ್ಗಿ ನೋಡಿದ.

"ಏನ್ ಹುಡಕಾಕತ್ತೀರಿ?" ಎಂದ ಹಮಾಲ.

"ಗಾಡಿ."

"ಇದ ಗಾಡಿರಿ."

ಗೇರಿಲ್ಲ, ಕ್ಲಚ್ಚಿಲ್ಲ, ಹ್ಯಾಂಡಲ್ಲಿನ ಕಿವಿ ತಿರುವಿದರೆ ಓಡುವಂಥದು. ಗಾಲಿಗಳು ಬಿದಿರಿನ ಬುಟ್ಟಿಯಷ್ಟಿದ್ದವು. ಮಡಿವಾಳಪ್ಪ ಕೂತ. ಅವನ ಎರಡು ಮೊಣಕಾಲು ಹ್ಯಾಂಡಲ್ಲಿನ ಎರಡು ಬದಿಗೆ ಎದ್ದು ನಿಂತವು. ಎಡಕ್ಕೆ ಹೊರಳಬೇಕೆಂದರೆ ಮೊದಲು ಎಡ ಮೊಣಕಾಲನ್ನು ಆಚೆ ಸರಿಸಬೇಕು, ಬಲಕ್ಕೆ ಹೊರಳಬೇಕೆಂದರೆ ಬಲದ್ದನ್ನು. ಅದೊಂದು ತೊಂದರೆ ಬಿಟ್ಟರೆ ಗಾಡಿ ಹೂವಿನಂತೆ ಓಡಿತು. ಇಂಡಿಯ ಪೇಟೆಯವರೆಗೂ ಅವನು ಸುಖವಾಗಿಯೇ ಬಂದ.

ಪೇಟೆಯಲ್ಲಿ ಎಮ್ಮೆಯೊಂದು ಅಡ್ಡ ಬಂದು ನಿಲ್ಲಬೇಕಾಯಿತು. ಉಳ್ಳಾಗಡ್ಡಿ ಹರವಿಕೊಂಡು ಕೂತಿದ್ದ ಮುದುಕಿಯೊಬ್ಬಳು ಹುಬ್ಬಿಗೆ ಕೈ ಹಚ್ಚಿ ಅವನನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದಳು.

"ಏ ತಮ್ಮಾ, ಗಾಡಿ ನಿನ್ನ ಹೊತ್ತೈತೋ, ನೀ ಗಾಡಿ ಹೊತ್ತೀಯೋ?"

ಪೇಟೆಗೆ ಪೇಟೆಯೇ ನಕ್ಕಿತು. ಎಮ್ಮೆ ಕಾಯುವವನೂ ನಕ್ಕ. ಅಲ್ಲಿಯವರೆಗೆ ತಾನು ಹೇಗೆ ಕಾಣುತ್ತೇನೆ ಎಂಬ ಯೋಚನೆ ಮಡಿವಾಳಪ್ಪನ ತಲೆಗೆ ಬಂದಿರಲಿಲ್ಲ. ಅಲ್ಲಿಂದ ಸಿಂದಗಿ ಮುಟ್ಟುವವರೆಗೆ ಬೇರೆ ಯೋಚನೆಯೇ ಬರಲಿಲ್ಲ. ದಾರಿಯಲ್ಲಿ ಹಿಂದಿನಿಂದ ಬಂದ ಬಸ್ಸೊಂದು ಅವನ ಸಮಕ್ಕೆ ಬಂದು ನಿಧಾನವಾಯಿತು. ಕೂತವರೆಲ್ಲ ಅವನನ್ನು ನೋಡಲು ಒಂದೇ ಬದಿಗೆ ಬಂದಿದ್ದರಿಂದ ಬಸ್ಸು ಆ ಬದಿಗೆ ವಾಲಿತ್ತು.

ಮನೆಯ ಮುಂದೆ ಸಿದ್ದಲಿಂಗವ್ವ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಗಾಡಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದಳು. ಸ್ಟ್ಯಾಂಡಿನ ಮೇಲೆ ನಿಂತಿದ್ದ ಗಾಡಿಯ ಹಿಂದಿನ ಸೀಟಿಗೆ ಹತ್ತಿ ಕೂತು, ಎರಡೂ ಕಾಲನ್ನು ಒಂದೇ ಬದಿಗೆ ಇಳಿಬಿಟ್ಟು, "ನಮ್ಮಣ್ಣ ನನ್ನ ಅಳತಿ ನೋಡಿನ ಕಳಿಸ್ಯಾನ" ಎಂದು ನಕ್ಕಳು. "ನಾಳಿಗೆ ಗೋಲಗೇರಿಗೆ ಹೋಗೂಣೇನ್ರಿ, ಅಕ್ಕನ ಮನಿಗೆ?"

"ನೋಡೂಣು" ಎಂದ ಮಡಿವಾಳಪ್ಪ.

ಆ 'ನೋಡೂಣು' ಮೂರು ತಿಂಗಳು ನಡೆಯಿತು.

ಮಡಿವಾಳಪ್ಪನ ಕಷ್ಟವೆಂದರೆ, ತಾನು ಹೇಗೆ ಕಾಣುತ್ತೇನೆ ಎಂಬುದು ಗೊತ್ತಾಗದೆ ಇದ್ದದ್ದು. ಮುಖ ನೋಡಿಕೊಳ್ಳಲು ಕನ್ನಡಿಯಿದೆ. ಓಡುವ ಗಾಡಿಯ ಮೇಲೆ ಕೂತ ತನ್ನನ್ನು ಯಾರಾದರೂ ಹೇಗೆ ನೋಡಿಕೊಳ್ಳಬೇಕು? ನೆರಳು ನೋಡಿದ. ಬೆಳಗಿನ ಏಳು ಗಂಟೆಗೆ ಪಡುವಣದ ಹಳ್ಳಿಗಳ ಕಡೆ ಹೊರಟರೆ ರಸ್ತೆಯ ಮೇಲೆ ಅವನ ನೆರಳು ಕುದುರೆಯ ಮೇಲಿನ ಸರದಾರನಂತೆ ಉದ್ದಕ್ಕೆ ಹಾಸಿರುತ್ತಿತ್ತು. ಸಮಾಧಾನ ಎನಿಸುತ್ತಿತ್ತು. ಮಧ್ಯಾಹ್ನ ವಾಪಸು ಬರುವಾಗ ಅದೇ ನೆರಳು ನಾಲ್ಕೂ ಕಡೆ ಕೈಕಾಲು ಚಾಚಿದ ಏಡಿಯಾಗಿರುತ್ತಿತ್ತು. ಯಾವುದನ್ನು ನಂಬುವುದು? ಕೆಲವು ದಿನ ಹಳ್ಳಿಯ ಕೆಲಸವನ್ನೆಲ್ಲ ಬೆಳಿಗ್ಗೆ ಮುಗಿಸಿ, ಸಂಜೆಯವರೆಗೆ ಅಲ್ಲೇ ಯಾರದಾದರೂ ಕಟ್ಟೆಯ ಮೇಲೆ ಕೂತು, ನೆರಳು ಉದ್ದವಾದ ಮೇಲೆ ಊರಿಗೆ ಹೊರಟದ್ದೂ ಉಂಟು.

ಹೆಂಡತಿಯನ್ನು ಕೇಳಿದ. ಅವಳು ಸೊಪ್ಪು ಸೋಸುತ್ತ, ತಲೆ ಎತ್ತದೆ, "ಛಲೋ ಕಾಣ್ತೀರಿ" ಎಂದಳು. ಹರಿದ ಬನಿಯನ್ನು ಹಾಕಿಕೊಂಡಾಗಲೂ ಅವಳು ಹೀಗೆಯೇ ಹೇಳುತ್ತಿದ್ದುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಾಗಲಿಲ್ಲ.

ಒಂದು ದಿನ ಫೋಟೋ ಸ್ಟುಡಿಯೋದ ನಿಜಾಮುದ್ದೀನನ ಹತ್ತಿರ ಹೋದ. ಇಬ್ಬರೂ ಸೇರಿ ಗಾಡಿಯನ್ನು ಎತ್ತಿ ಒಳಗಿಟ್ಟು, ಕೊಳದ ಚಿತ್ರವಿದ್ದ ಪರದೆಯ ಮುಂದೆ ನಿಲ್ಲಿಸಿದರು. ಮಡಿವಾಳಪ್ಪ ಏರಿ ಕೂತ. ನಿಜಾಮುದ್ದೀನ ಕರಿ ಬಟ್ಟೆಯೊಳಗೆ ತಲೆ ಹಾಕಿದ, ಹೊರಗೆ ತೆಗೆದ, ಕ್ಯಾಮೆರಾ ಹಿಂದಕ್ಕೆ ಸರಿಸಿದ, ಮತ್ತೆ ಹಾಕಿದ, ಗೋಡೆಗೆ ಬೆನ್ನು ಹತ್ತುವವರೆಗೆ ಸರಿದ.

"ಕಂಪೌಂಡರ ಸಾಹೇಬ್ರ, ಇಲ್ಲಿ ಜಾಗಾ ಸಾಲಾಂಗಿಲ್ಲ. ನಿಮ್ಮ ತಲಿ ಬೇಕೋ, ಗಾಡಿ ಗಾಲಿ ಬೇಕೋ, ಒಂದ್ ಹೇಳಿಬಿಡ್ರಿ."

ಮಡಿವಾಳಪ್ಪ ತಲೆ ಎಂದ. ನಾಲ್ಕು ದಿನ ಬಿಟ್ಟು ಬಂದ ಫೋಟೋದಲ್ಲಿ ಅವನು ಎರಡು ಮೊಣಕಾಲಿನ ನಡುವೆ ಗಂಭೀರವಾಗಿ ಮುಖವಿಟ್ಟುಕೊಂಡು ಕೂತಿದ್ದ. ಗಾಡಿ ಕಾಣದ್ದರಿಂದ ಅವನು ಏನು ಮಾಡುತ್ತಿದ್ದಾನೆಂದು ಹೇಳುವುದೇ ಕಷ್ಟವಿತ್ತು. ಅದನ್ನು ಟ್ರಂಕಿನ ತಳದಲ್ಲಿಟ್ಟ.

ಆಮೇಲೆ ಸೈಕಲ್ ಅಂಗಡಿಯ ಮಲಿಕಸಾಬನ ಸರದಿ. ಮಲಿಕಸಾಬ ಸೀಟಿನ ಕೆಳಗೆ ಒಂದು ಗೇಣು ಕೊಳವೆ ಬೆಸೆದು ಸೀಟು ಎತ್ತರಿಸಿದ. ಕಾಲಿಗೆ ಸುಖವಾಯಿತು. ಆದರೆ ಹ್ಯಾಂಡಲ್ಲು ಇದ್ದಲ್ಲೇ ಇತ್ತಲ್ಲ, ಅದನ್ನು ಹಿಡಿಯಲು ಮಡಿವಾಳಪ್ಪ ಪೂರ್ತಿ ಬಗ್ಗಬೇಕಾಯಿತು. ಊರಿಗೆಲ್ಲ ಶರಣು ಮಾಡುತ್ತ ಹೋದಂತಾಯಿತು. ಕೆಲವು ಹಿರಿಯರು ಕೈಯೆತ್ತಿ "ಶರಣ್ರಿ, ಶರಣ್ರಿ" ಎಂದು ತಿರುಗಿ ಹೇಳಿದರು. ಮರುದಿನವೇ ಕೊಳವೆ ತೆಗೆಸಿದ.

ಇಷ್ಟರಲ್ಲಿ ಮಾಘ ಮಾಸ ಬಂತು. ಗೋಲಗೇರಿಯ ಅಕ್ಕ ರುಕ್ಮವ್ವನಿಗೆ ಮೊಮ್ಮಗ ಹುಟ್ಟಿದ್ದ. ಶನಿವಾರ ತೊಟ್ಟಿಲ ಕಾರ್ಯ. ಸಿದ್ದಲಿಂಗವ್ವ ಕೂಸಿಗೆಂದು ಕೆಂಪು ಖಣದ ಕುಂಚಿಗೆ ಹೊಲಿದಿದ್ದಳು.

"ಶನಿವಾರ ಬೆಳಿಗ್ಗೆ ಹೊತ್ತ ಹೊಂಡೂದ್ರಾಗ ಹೋದ್ರ ಬಿಸಲ ಹತ್ತಾಂಗಿಲ್ಲ ನೋಡ್ರಿ" ಎಂದಳು, ಅವನ ತಟ್ಟೆಗೆ ರೊಟ್ಟಿ ಹಾಕುತ್ತ.

"ಶನಿವಾರ ನನಗ ಡ್ಯೂಟಿ ಐತಿ. ನೀ ಬಸ್ಸಿಗೆ ಹೋಗು."

"ಡಾಕ್ಟರನ್ನ ಕೇಳಿದ್ರ ಒಂದ್ ದಿನ ಬಿಡಾಂಗಿಲ್ಲೇನು?"

"ಬಸ್ಸು ಆರಾಮ ಇರ್ತೈತಿ, ಸಿದ್ದವ್ವ. ಆ ಗಾಡಿ ಮ್ಯಾಲ ಕುಂತ್ರ ನಡಾ ನೋವಾಕ್ಕೈತಿ."

ಶುಕ್ರವಾರ ಸಂಜೆ ಸಿದ್ದಲಿಂಗವ್ವ ಬುಟ್ಟಿ ಹಿಡಿದು ಒಬ್ಬಳೇ ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಕೂಡ ಮಾಡಲಿಲ್ಲ. ಮಡಿವಾಳಪ್ಪನ ಮನಸ್ಸಿಗೆ ಕಸಿವಿಸಿಯಾಯಿತು. ಒಬ್ಬನೇ ಕೂತರೇ ಹೀಗಿರುವಾಗ ಹಿಂದೆ ಅವಳನ್ನೂ ಕೂಡ್ರಿಸಿಕೊಂಡು ಗೋಲಗೇರಿಯ ಬೀಗರ ನಡುವೆ ಹೋಗಿ ಇಳಿಯುವುದನ್ನು ನೆನೆದರೇ ಅವನ ಬೆನ್ನು ಬೆವರುತ್ತಿತ್ತು.

ಶನಿವಾರ ದವಾಖಾನೆಗೆ ಮಾಳಿಂಗಪ್ಪ ಬಂದ. ಕುರಿ ಸಾಕಿ, ಕಂಬಳಿ ನೇಯ್ದು, ಸೈಕಲ್ಲಿನ ಮೇಲೆ ಸಂತೆಗೆ ತಂದು ಮಾರುವವನು. ಹಿಂದೆ ಯಾವಾಗಲೂ ಅವನ ಮಗ ಬರುತ್ತಿದ್ದ. ಇವನು ಬಂದದ್ದು ಇದೇ ಮೊದಲು. ಕಾಲು ಕುಂಟುತ್ತಿದ್ದ ಟಗರನ್ನು ಎದೆಗವಚಿಕೊಂಡು ಒಳಗೆ ಬರುವಾಗ ಬಾಗಿಲಿಗೆ ತಲೆ ಬಗ್ಗಿಸಿದ. ಮಡಿವಾಳಪ್ಪನ ಕೈಯಲ್ಲಿದ್ದ ಸೂಜಿ ಅಲ್ಲೇ ನಿಂತಿತು. ಆ ಬಾಗಿಲಿಗೆ ತಲೆ ಬಗ್ಗಿಸಿದ್ದ ಇನ್ನೊಬ್ಬನನ್ನು ಅವನು ಕಂಡಿರಲಿಲ್ಲ. ಟಗರಿಗೆ ಪಟ್ಟಿ ಕಟ್ಟುವಾಗ ನೋಡಿದ: ಇಬ್ಬರ ಕಣ್ಣು ಸರಿಸಮ. ಯಾರ ಜೊತೆಗಾದರೂ ಕತ್ತು ಬಗ್ಗಿಸದೆ ಮಾತಾಡುವುದು ಎಷ್ಟು ಆರಾಮವೆಂದು ಅವತ್ತು ತಿಳಿಯಿತು.

"ಮಾಳಿಂಗಣ್ಣ, ನಿನಗ ಸೈಕಲ್ ಬರ್ತೈತಲ್ಲ?"

"ಬರ್ತೈತ್ರಿ."

"ನಾಳಿಗೆ ಐತವಾರ. ನನ್ನ ಫಟಫಟಿ ಸ್ವಲ್ಪ ಓಡಸ್ತೀಯೇನು?"

ಮಾಳಿಂಗಪ್ಪ ಅಂಗಳದಲ್ಲಿದ್ದ ಗಾಡಿಯನ್ನು ನೋಡಿದ. "ಯಾಕ್ರಿ ಸಾಹೇಬ್ರ, ಅದರ ಕಾಲೂ ಕುಂಟತೈತೇನು?"

"ಇಲ್ಲೋ ಮಾರಾಯಾ. ನೀ ಓಡಸು, ನಾ ನಿಂತು ನೋಡತೇನಿ. ಅಷ್ಟ."

ಮತ್ತೆ ಯಾಕೆಂದು ಮಾಳಿಂಗಪ್ಪ ಕೇಳಲಿಲ್ಲ. ಕುರಿಯ ಹಿಂದೆ ನಡೆದು ನಡೆದು ಕಾಲು ಸವೆಸಿದವನು. ಕಿವಿ ತಿರುವಿದರೆ ಓಡುವ ಗಾಡಿ ಕೊಡುತ್ತೇನೆ ಎಂದರೆ ಕಾರಣ ಕೇಳುವಷ್ಟು ಹುಚ್ಚನಲ್ಲ.

ಭಾನುವಾರ ಬೆಳಿಗ್ಗೆ ಗೋಲಗೇರಿಯ ರಸ್ತೆಯಲ್ಲಿ, ಊರು ದಾಟಿ ಎರಡು ಮೈಲಿಯಾಚೆ, ಒಂದು ಸಣ್ಣ ಮೋರಿಯ ಹತ್ತಿರ ಇಬ್ಬರೂ ಸೇರಿದರು. ಬದಿಯ ಬಯಲಿನಲ್ಲಿ ಅರ್ಧ ತಾಸು ಕಲಿಸುವಷ್ಟರಲ್ಲಿ ಮಾಳಿಂಗಪ್ಪನ ಕೈ ಕುದುರಿತು. ಅವನು ಕಚ್ಚೆ ಬಿಗಿದು, ರುಮಾಲು ಸರಿಮಾಡಿ, ಹೆಗಲ ಕಂಬಳಿಯನ್ನು ತೆಗೆಯದೆಯೇ ರಸ್ತೆಗಿಳಿದ. ಮಡಿವಾಳಪ್ಪ ಮೋರಿಯ ಕಟ್ಟೆಯ ಮೇಲೆ, ಕೋರ್ಟಿನಲ್ಲಿ ತೀರ್ಪು ಕೇಳಲು ನಿಂತವನಂತೆ ನಿಂತ.

ಮೊದಲ ಸಲ ಬಂತು ಗಾಡಿ. ಎರಡು ಮೊಣಕಾಲು ಮುಂದೆ, ಆಮೇಲೆ ಮಾಳಿಂಗಪ್ಪ. ಕೆಳಗೆ ಎಲ್ಲೋ ನೀಲಿ ಬಣ್ಣ. ಕಂಬಳಿ ಹಿಂದಕ್ಕೆ ಹಾರುತ್ತಿತ್ತು. ಗಾಡಿಯೇ ಕಾಣದೆ ಮನುಷ್ಯನೊಬ್ಬ ಕುಕ್ಕರಗಾಲಿನಲ್ಲಿ ನೆಲ ಬಿಟ್ಟು ಹಾರಿಬಂದಂತಿತ್ತು. ಮಡಿವಾಳಪ್ಪನಿಗೆ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಕ್ಕು ಮುಗಿದ ಮೇಲೆ, ಇದು ತಾನೇ ಎಂದು ನೆನಪಾಗಿ ಸುಮ್ಮನಾದ.

ಎರಡನೆಯ ಸಲ ಮಾಳಿಂಗಪ್ಪ "ಹೋಯ್!" ಎಂದು ಕೂಗುತ್ತ ಹೋದ. ಮೂರನೆಯ ಸಲ ಬಂದಾಗ ಮಡಿವಾಳಪ್ಪ ಮೊಣಕಾಲು ನೋಡಬೇಕೆಂದೇ ನಿಂತಿದ್ದ. ಆದರೆ ಕಣ್ಣು ಮೇಲಕ್ಕೆ ಹೋಯಿತು. ಮಾಳಿಂಗಪ್ಪನ ಮುಖ ಬಿಸಿಲಿನಲ್ಲಿ ಮಿಂಚುತ್ತಿತ್ತು. ಬಾಯಿ ತೆರೆದಿತ್ತು. ಯಾರು ನೋಡುತ್ತಿದ್ದಾರೆ ಎಂಬ ಪರಿವೆಯೇ ಇರಲಿಲ್ಲ.

ನಾಲ್ಕನೆಯ ಸಲ ಅವನು ಗೋಲಗೇರಿಯ ದಿಕ್ಕಿಗೆ ಹೋದವನು ತಿರುಗಿ ಬರಲಿಲ್ಲ.

ಹತ್ತು ನಿಮಿಷವಾಯಿತು. ಅರ್ಧ ತಾಸಾಯಿತು. ಮಡಿವಾಳಪ್ಪನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಭಯ. ಬಿದ್ದನೋ ಏನೋ. ಗಾಡಿ ನಿಲ್ಲಿಸುವುದನ್ನು ಕಲಿಸಿದೆನೋ ಇಲ್ಲವೋ? ಕಲಿಸಿದ್ದೆ. ಹಾಗಾದರೆ ಎಲ್ಲಿ ಹೋದ? ಹೆಂಡತಿಯ ಅಣ್ಣ ಕೊಟ್ಟ ಗಾಡಿ. ಅವಳನ್ನು ಒಂದು ದಿನವೂ ಕೂಡ್ರಿಸದೆ ಯಾರಿಗೋ ಕೊಟ್ಟು ಕಳೆದೆ ಎಂದರೆ ಯಾವ ಬಾಯಿಂದ ಹೇಳುವುದು? ರಸ್ತೆ ಹಿಡಿದು ನಡೆಯತೊಡಗಿದ. ಒಂದು ಮೈಲಿ ನಡೆದಿರಬೇಕು, ದೂರದಲ್ಲಿ ಫಟಫಟ ಸದ್ದು ಕೇಳಿತು.

ತಿಳಿನೀಲಿ ಗಾಡಿ ಬರುತ್ತಿತ್ತು. ಮೇಲೆ ಮಾಳಿಂಗಪ್ಪ. ಅವನ ಬೆನ್ನ ಹಿಂದಿನಿಂದ ಹಸಿರು ಇಳಕಲ್ ಸೀರೆಯ ಸೆರಗೊಂದು ಗಾಳಿಗೆ ಹಾರುತ್ತಿತ್ತು. ಇನ್ನಷ್ಟು ಹತ್ತಿರ ಬಂದಾಗ ಸೆರಗಿನ ಜೊತೆಗೆ ತೊಡೆಯ ಮೇಲೆ ಬುಟ್ಟಿ ಹಿಡಿದು, ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು ಕೂತ ಸಿದ್ದಲಿಂಗವ್ವ ಕಂಡಳು. ಅವಳು ಏನೋ ಹೇಳಿ ನಗುತ್ತಿದ್ದಳು. ಮಾಳಿಂಗಪ್ಪನೂ ನಗುತ್ತಿದ್ದ. ಎತ್ತರದ ಆಳು, ಗಿಡ್ಡ ಹೆಂಗಸು, ನಡುವೆ ಆ ಅಂಗೈಯಗಲದ ಗಾಡಿ. ಮಡಿವಾಳಪ್ಪ ಮೂರು ತಿಂಗಳು ಹುಡುಕಿದ್ದ ಚಿತ್ರ ಪೂರ್ತಿಯಾಗಿ ಕಣ್ಣಮುಂದೆ ಬರುತ್ತಿತ್ತು. ನೋಡಲು ಎಷ್ಟು ಚೆಂದವಿತ್ತೆಂದರೆ ಅವನಿಗೆ ಹೊಟ್ಟೆ ಉರಿಯಿತು. ಅಲ್ಲಿ ಕೂತಿರಬೇಕಾದವನು ತಾನಲ್ಲವೆ!

ಗಾಡಿ ನಿಂತಿತು. ಮಾಳಿಂಗಪ್ಪ ಎರಡೂ ಕಾಲು ನೆಲಕ್ಕೂರಿ, ಅಪರಾಧಿಯಂತೆ ತಲೆ ತಗ್ಗಿಸಿದ.

"ತಪ್ಪಾತ್ರಿ ಸಾಹೇಬ್ರ. ತಿರುಗಿಸಬೇಕಂತ ಮಾಡಿದ್ದೆ. ಮುಂದಿನ ಗಿಡದ ಹತ್ರ ತಿರುಗಿಸೂಣು, ಅದರ ಮುಂದಿಂದರ ಹತ್ರ ತಿರುಗಿಸೂಣು ಅಂತ ಅನಕೋತ ಹ್ವಾದೆ. ಮನಸ ಬರಲಿಲ್ರಿ."

"ಇಕಿ ಎಲ್ಲಿ ಸಿಕ್ಕಳು?"

ಸಿದ್ದಲಿಂಗವ್ವ ಇಳಿದು ಸೀರೆ ಕೊಡವಿಕೊಂಡಳು. ಮುಖ ಕೆಂಪಾಗಿತ್ತು.

"ಊರಿಗೆ ಹೊಳ್ಳಿ ಬರೂಮುಂದ ಬಸ್ಸಿನ ಗಾಲಿ ಪಂಚರಾಗಿ ಎಲ್ಲಾರೂ ಇಳದು ನಿಂತಿದ್ವಿ. ಮುದ್ದೇಬಿಹಾಳದಿಂದ ಬರೂ ಬಸ್ಸು, ಎಲ್ಲಾ ಹೊರಗಿನ ಮಂದಿ. ದೂರಿಂದ ಈ ಗಾಡಿ ಕಂಡ್ತು. ಮ್ಯಾಲ ಎತ್ತರದಾಂವ. ಇನ್ಯಾರಿರ್ತಾರ ಅಂತ ನಾ, 'ನಮ್ಮವರು ಬಂದ್ರು! ನನ್ನ ಕರಕೊಂಡು ಹೋಗಾಕ ಬಂದ್ರು!' ಅಂತ ಎಲ್ಲಾರ ಮುಂದ ಒದರಿಬಿಟ್ಟೆ. ಬಂದು ನಿಂತ್ರ ಈ ಅಣ್ಣ!"

"ತಂಗಿ ನನ್ನ ಹಿಡದು ಜಗ್ಗಿ, 'ನಮ್ಮಣ್ಣನ ಗಾಡಿ ಎಲ್ಲಿ ಕದ್ದಿ' ಅಂದಳ್ರಿ," ಎಂದ ಮಾಳಿಂಗಪ್ಪ. "ನಾ ಕದ್ದಿಲ್ಲವಾ, ಸಾಹೇಬ್ರು ಕೊಟ್ಟಾರ, ಅಲ್ಲಿ ನೋಡ್ಕೋತ ನಿಂತಾರ ಅಂದೆ."

"ಒದರಿ ಆಗಿತ್ತಲ್ಲ, ಇನ್ನ ಹಿಂದ ಸರಿಯಾಕ ಬರ್ತೈತೇನು? ಗಪ್ಪನ ನಡಿಯಣ್ಣ ಅಂತ ಹತ್ತಿ ಕುಂತೆ." ಸಿದ್ದಲಿಂಗವ್ವ ಬಾಯಿಗೆ ಸೆರಗು ಹಚ್ಚಿಕೊಂಡಳು. "ಅರ್ಧಾ ದಾರಿ ಬಂದ ಮ್ಯಾಲ ನೆಪ್ಪಾತು. ಇನ್ನ ಮುದ್ದೇಬಿಹಾಳದ ಮಂದಿ ಈ ಅಣ್ಣನ್ನ ನನ್ನ ಗಂಡ ಅಂದ್ಕೊಂಡಿರ್ತಾರ!"

ಮಾಳಿಂಗಪ್ಪ ಎರಡೂ ಕಿವಿ ಹಿಡಿದುಕೊಂಡು "ಶಿವ ಶಿವಾ" ಎಂದ. ಗಾಡಿಯನ್ನು ಮಡಿವಾಳಪ್ಪನ ಕೈಗೆ ಒಪ್ಪಿಸಿ, ಟ್ಯಾಂಕಿನ ಮೇಲೆ ಎಮ್ಮೆಯ ಬೆನ್ನು ತಟ್ಟುವಂತೆ ಎರಡು ಸಲ ತಟ್ಟಿ, ಹೊಲದ ದಾರಿ ಹಿಡಿದು ಕುರಿಗಳಿದ್ದ ಕಡೆಗೆ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ಹೋದ.

ಗಂಡ ಹೆಂಡತಿ ಇಬ್ಬರೇ ಉಳಿದರು.

"ಅವನಿಗೆ ಯಾಕ ಕೊಟ್ಟಿದ್ರಿ ಗಾಡಿ?" ಎಂದಳು ಸಿದ್ದಲಿಂಗವ್ವ.

ಮಡಿವಾಳಪ್ಪ ಹೇಳಿದ. ಇಂಡಿಯ ಮುದುಕಿ, ವಾಲಿದ ಬಸ್ಸು, ಬೆಳಗಿನ ನೆರಳು, ಟ್ರಂಕಿನ ತಳದ ಫೋಟೋ, ಯಾವುದನ್ನೂ ಬಿಡದೆ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಅದು ಸಣ್ಣ ಮಾತೆನಿಸತೊಡಗಿತು. ಅವಳು ನಗುತ್ತಾಳೆಂದು ಕಾದ. ಅವಳು ನಗಲಿಲ್ಲ, ಬುಟ್ಟಿಯ ಮೇಲಿನ ಬಟ್ಟೆಯನ್ನು ಸುಮ್ಮನೆ ಸರಿಮಾಡುತ್ತಿದ್ದಳು.

"ನಾ ಬ್ಯಾರೆ ತಿಳಕೊಂಡಿದ್ದೆ" ಎಂದಳು.

"ಏನಂತ?"

"ನಾ ಗಿಡ್ಡಕಿ. ಹಿಂದ ಕುಂದ್ರಸ್ಕೊಂಡ್ರ ಮಂದಿ ನಗತಾರಂತ ನಿಮಗ ನಾಚಿಕಿ ಅಂತ. ಅಕ್ಷತಿ ದಿನಾನೂ ನಕ್ಕಿದ್ರಲ್ಲ."

"ಅಕ್ಷತಿ ದಿನ ಯಾರ ನಕ್ಕಿದ್ರು?" ಮಡಿವಾಳಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅವಳು ಹೇಳಿದಳು. ಯಾರ ಯಾರ ನಗೆ, ಯಾವ ಮಾತು, ಏಳು ವರ್ಷವಾದರೂ ಒಂದೂ ಮರೆತಿರಲಿಲ್ಲ. ಅವನು ಬಿಸಿಲಿನಲ್ಲಿ ನಿಂತು ಎಲ್ಲವನ್ನೂ ಕೇಳಿದ. ತಾನು ಮೂರು ತಿಂಗಳು ಹೊತ್ತದ್ದನ್ನು ಇವಳು ಏಳು ವರ್ಷ ಹೊತ್ತಿದ್ದಾಳಲ್ಲ ಎಂದು ಅವನಿಗೆ ಕೆಟ್ಟೆನಿಸಿತು.

"ನಿನ್ನ ನೋಡಿ ಅಲ್ಲ ಸಿದ್ದವ್ವ, ನನ್ನ ನೋಡಿ ನನಗ ನಾಚಿಕಿ" ಎಂದ. ಕೇಳದಿರಲು ಆಗದೆ ಕೇಳಿದ. "ಖರೇ ಹೇಳು. ದೂರಿಂದ ನಾನ ಅಂದ್ಕೊಂಡು ನೋಡಿದೆಲ್ಲ, ಆವಾಗ ಹೆಂಗ ಕಾಣ್ತಿತ್ತು?"

"ಹೆಂಗ ಅಂದ್ರ? ನೀವು ನನ್ನ ಕರಿಯಾಕ ಬರಾಕತ್ತಂಗ ಕಾಣ್ತಿತ್ತು."

ಮಡಿವಾಳಪ್ಪ ಗಾಡಿ ಚಾಲೂ ಮಾಡಿದ. "ಹತ್ತು" ಎಂದ.

"ಸಿಂದಗಿ ಕಡೆ ಹೊಳ್ಳಸ್ರಿ ಮತ್ತ, ಅತ್ತಾಗ ಯಾಕ ಹೊಂಟೀರಿ?"

"ಮೊದಲ ಆ ಬಸ್ಸಿನ ಹತ್ರ ಹೋಗೂಣು. ಮುದ್ದೇಬಿಹಾಳದ ಮಂದಿಗೆ ನಿನ್ನ ಗಂಡ ಯಾರಂತ ಗೊತ್ತಾಗಲಿ."

ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಡ್ರೈವರು ಗಾಲಿಯ ಪಕ್ಕ ಬೀಡಿ ಸೇದುತ್ತಿದ್ದ. ಮಂದಿ ಬೇವಿನ ನೆರಳಿನಲ್ಲಿ ಕೂತಿದ್ದರು. ಅದೇ ಗಾಡಿ, ಅದೇ ಹೆಂಗಸು, ಮುಂದೆ ಇನ್ನೊಬ್ಬ ಎತ್ತರದಾಂವ ಬಂದದ್ದು ಕಂಡು ಎಲ್ಲರೂ ಎದ್ದು ನಿಂತರು. ಮಡಿವಾಳಪ್ಪ ಅವರ ಮುಂದೆ ಗಾಡಿ ನಿಲ್ಲಿಸಿ, ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, "ಇಕಿ ಗಂಡ ನಾನ್ರಿ. ಮೊದಲ ಬಂದಿದ್ದಾಂವ ಅಲ್ಲ" ಎಂದ.

ಮಂದಿ ಬಿದ್ದು ಬಿದ್ದು ನಕ್ಕರು. ಒಬ್ಬ ಮುದುಕಿ, "ನಿಮ್ಮೂರಾಗ ಎಲ್ಲಾ ಗಂಡಸರೂ ಇಷ್ಟ ಎತ್ತರೇನಪ್ಪಾ?" ಎಂದಳು. "ಗಾಡಿ ಕೊಡೂಮುಂದ ಅಳದು ಕೊಡ್ತಾರವಾ" ಎಂದ ಮಡಿವಾಳಪ್ಪ. ತಾನು ಹೀಗೆ ಮಾತಾಡಬಲ್ಲೆ ಎಂದು ಅವನಿಗೇ ಗೊತ್ತಿರಲಿಲ್ಲ. ಹಿಂದೆ ಕೂತ ಸಿದ್ದಲಿಂಗವ್ವ ನಗು ತಡೆಯಲಾರದೆ ಹಣೆಯನ್ನು ಅವನ ಬೆನ್ನಿಗೆ ಒತ್ತಿಕೊಂಡಿದ್ದಳು.

ಊರಿಗೆ ಬರುವ ದಾರಿಯಲ್ಲಿ ಒಂದು ಏರು ಸಿಗುತ್ತದೆ. ಇಬ್ಬರನ್ನು ಹೊತ್ತು ಗಾಡಿ ಏರಲಾರದೆ ಕೆಮ್ಮತೊಡಗಿತು. ಸಿದ್ದಲಿಂಗವ್ವ ಇಳಿದು ಪಕ್ಕದಲ್ಲಿ ನಡೆದಳು. ತೊಟ್ಟಿಲ ಕಾರ್ಯದ ಸುದ್ದಿ ಇನ್ನೂ ಮುಗಿದಿರಲಿಲ್ಲ: ಕೂಸು ಯಾರನ್ನು ಹೋಲುತ್ತದೆ, ಕುಂಚಿಗೆಯನ್ನು ಯಾರು ಯಾರು ಹೊಗಳಿದರು, ರುಕ್ಮವ್ವನ ಬೀಗತಿ ಏನು ತಂದಿದ್ದಳು. ಮಡಿವಾಳಪ್ಪ ಗಾಡಿಯ ಮೇಲೆ ಕೂತೇ, ಎರಡೂ ಕಾಲಿನಿಂದ ನೆಲ ಒದೆಯುತ್ತ, ಅವಳ ನಡಿಗೆಯ ಸಮಕ್ಕೆ ಬರುತ್ತಿದ್ದ. ಎದುರಿಗೆ ಚಕ್ಕಡಿಯಲ್ಲಿ ಬಂದ ರೈತನೊಬ್ಬ ಎತ್ತು ತಡೆದು ನಿಲ್ಲಿಸಿದ.

"ಗಾಡಿ ಕೆಟ್ಟೈತೇನ್ರಿ?"

"ಇಲ್ಲಪಾ, ಛಲೋ ಐತಿ" ಎಂದ ಮಡಿವಾಳಪ್ಪ. "ಮಾತಾಡ್ಕೋತ ಹೊಂಟೇವಿ."